ಕೀಲು ಮಾತಾಡಬಾರದು

ಅಂತ ಕಾಳಾಚಾರ್ರು ಹೇಳಿದ್ದು ಮೊದಲನೇ ದಿನವೇ,
ಮೇಟಗಳ್ಳಿಯ ತಗಡಿನ ಶೆಡ್ಡಿನಲ್ಲಿ,
ನನ್ನ ನಕ್ಷೆ ಹಾರದಂತೆ ಅದರ ಮೇಲೆ ಉಳಿ ಇಟ್ಟು:
"ನಲವತ್ತು ವರ್ಷ ಮೇಡಮ್ಮೋರೆ. ಕೂರಿಸಿದ ಬಾಗ್ಲು
ಕಿರ್ ಅಂದ್ರೆ ಕೂಲಿ ವಾಪಸ್ ಕೊಟ್ಟೋನು ನಾನು.
ನೀವು ಸಂದು ಬಿಡು ಅಂತೀರಿ,
ಮೊಳೆ ಸಣ್ಣದು ಹೊಡಿ ಅಂತೀರಿ.
ಇದು ಮನೆಯೋ ಮಂಕರಿಯೋ?"

ಮಂಕರಿಯೇ, ಅಂದೆ.
ಅವರು ನಗಲಿಲ್ಲ.

ಆರು ಅಂತಸ್ತು, ನಿಜದ ಮೂರರಲ್ಲೊಂದು ಅಳತೆ,
ಶೆಡ್ಡಿನ ತಗಡಿಗೆ ಎರಡೇ ಮೊಳ ಕಮ್ಮಿ.
ಹುಣಸೂರು ಡಿಪೋದ ಸಿಲ್ವರ್ ಓಕ್,
ಅಡ್ಡಕ್ಕೊಂದು ಉದ್ದಕ್ಕೊಂದು ಅಂಟಿಸಿ ಒತ್ತಿದ ಗೋಡೆ.
ಕೆಳಗೆ ಅಲುಗುವ ಮೇಜು. ಅದರ ಹೈಡ್ರಾಲಿಕ್ ತೋಳು
ಮಂಡ್ಯದ ಕಡೆ ಮುಚ್ಚಿದ ಸಕ್ಕರೆ ಕಾರ್ಖಾನೆಯ ಹರಾಜಿನದು,
ಇವತ್ತಿಗೂ ಕಾಕಂಬಿ ವಾಸನೆ.

ಈ ಊರಲ್ಲಿ ಪಾತ್ರೆ ನಡುಗಿದರೆ
ಎಲ್ಲೋ ಕಲ್ಲುಗಣಿ ಸಿಡಿದಿದೆ, ಇಲ್ಲವೇ ನೀರಿನ ಟ್ಯಾಂಕರ್ ಹೋಗಿದೆ.
ನೆಲವನ್ನು ಯಾರೂ ಅನುಮಾನಿಸುವುದಿಲ್ಲ.
ಮರವನ್ನು ಅನುಮಾನಿಸುತ್ತಾರೆ.
ಮರದ ಅರಮನೆ ಸುಟ್ಟು, ಕಲ್ಲಿನದು ಕಟ್ಟಿಕೊಂಡ ಊರಲ್ಲವೇ.
ದಪ್ಪ ತೊಲೆ ಮೊದಲು ಕರಿ ಹೊದೆಯುತ್ತದೆ,
ಆ ಕರಿಯೇ ಒಳಗಿನದಕ್ಕೆ ಕಂಬಳಿ ಅಂದರೆ
ಬೀಡಿ ಹಚ್ಚಿಕೊಂಡು ನನ್ನನ್ನೇ ನೋಡುತ್ತಾರೆ ವಾಚ್‌ಮನ್.

ನೆಲ ಎಳೆಯುವುದು ತೂಕ ಹಿಡಿದು.
ಭಾರದವನನ್ನು ಬುಡಸಮೇತ ಎಳೆದೀತು,
ಹಗುರದವನ ಕಾಲರ್ ಹಿಡಿದರೆ
ಸಿಗುವುದು ಕಾಲರ್ ಮಾತ್ರ.
ಇದನ್ನು ಪಾಠದಲ್ಲಿ ಬೇರೆ ಥರ ಹೇಳುತ್ತೇನೆ.

ಪ್ರತಿ ಅಂತಸ್ತಿಗೂ ಮರಳುಚೀಲ, ಅವೇ ಸಂಸಾರಗಳು.
ಮಂಗನ್‌ನಿಂದ ಎಂ.ಟೆಕ್‌ಗೆ ಬಂದ ನಿಮ್ಕಿತ್
ಒಂದೊಂದರ ಮೇಲೂ ಮಾರ್ಕರಿನಲ್ಲಿ ಬರೆದಳು:
ಅಜ್ಜಿ. ಅಕ್ಕಿ ಡಬ್ಬ. ಹೊಲಿಗೆ ಮೆಷೀನು. ತಮ್ಮ.
ಆ ಸೆಪ್ಟೆಂಬರಿನ ಸಂಜೆ ಅವಳಿಗೆ ಎಂಟು ವರ್ಷ.
ಎರಡು ವರ್ಷದಲ್ಲಿ ನನಗೆ ಹೇಳಿದ್ದು ಒಂದೇ ಮಾತು:
ಮೊದಲು ನಾಯಿ ಸುಮ್ಮನಾಯಿತು ಮ್ಯಾಮ್.

ಶುಕ್ರವಾರ. ಎರಡು ಸಲ ಕರೆಂಟು ಹೋಗಿ,
ಮೂರನೇ ಸಲ ಜನರೇಟರ್.
ಮೇಜು ಹೊರಟಿತು.

ಒಣಗಿದ ಅವರೆಕಾಯಿ ಬಿಸಿಲಿಗೆ ಸಿಡಿದ ಹಾಗೆ
ಕೆಳಗಿನ ಮೂಲೆಯಿಂದ ಶುರುವಾಗಿ
ಮೇಲಿನವರೆಗೂ ಕೀಲುಗಳು ಮಾತಾಡಿದವು.
ಆರನೇ ಅಂತಸ್ತು ಗೇಣುದ್ದ ಆಚೆ ಹೋಯಿತು,
ಯೋಚಿಸಿತು,
ಮರಳಿ ಬಂತು.
ಕಾಳಾಚಾರ್ರು ಕೊಡತಿ ಹಿಡಿದು ಎದ್ದು ನಿಂತಿದ್ದರು,
ಯಾರಿಗೆ ಹೊಡೆಯಬೇಕೋ ತಿಳಿಯದೆ.
ನಲವತ್ತೆರಡು ಸೆಕೆಂಡು.
ಅಜ್ಜಿ ಬೀಳಲಿಲ್ಲ. ಅಕ್ಕಿ ಡಬ್ಬ ಒಂದು ಬಿತ್ತು.

ಮೂಲೆಯ ಪಟ್ಟಿ ಬಿಚ್ಚಿದೆವು.
ಮೊಳೆಗಳೆಲ್ಲ ಎರಡೆರಡು ಕಡೆ ಬಾಗಿ
ಮಲಗಿದ ಹುಳುಗಳಂತಿದ್ದವು.
ಸುತ್ತಲ ಮರದಲ್ಲಿ ಹೆಸರುಕಾಳಿನಷ್ಟು ಜಾಗ ಸವೆದಿತ್ತು, ಅಷ್ಟೇ.
ಮರಕ್ಕೆ ಮುರಿಯುವುದಷ್ಟೇ ಗೊತ್ತು ಆಚಾರ್ರೇ,
ಬಾಗುವ ಕೆಲಸ ಮೊಳೆಗೆ ಒಪ್ಪಿಸಿದ್ದು.
"ಇದು ಇನ್ನು ನೆಟ್ಟಗಾಗಲ್ಲ."
ಆಗಲ್ಲ. ತೆಗೆದು ಹೊಸದು ಹೊಡೆಯಬೇಕು.
"ಒಂದಕ್ಕೆ ಎಷ್ಟು?"
ಮೂರು ರೂಪಾಯಿ.
ಅವರು ಇನ್ನೇನೂ ಕೇಳಲಿಲ್ಲ.

ಆಮೇಲೆ ಏಣಿ ಹತ್ತಿದರು, ಯಾರೂ ಹೇಳದೆಯೇ
ನೇರ ನಾಲ್ಕನೇ ಅಂತಸ್ತು, ಪೂರ್ವದ ಮೂಲೆಗೆ.
ಅಲ್ಲಿ ಸಂದಿರಲಿಲ್ಲ. ಮೊಳೆ ಇರಲಿಲ್ಲ.
ಉಳಿಯಲ್ಲಿ ಕಡೆದ ನಾಲಿಗೆ, ತೋಡಿನಲ್ಲಿ ಕೂದಲು ಹೋಗದಂತೆ ಕೂತು,
ಮೇಲೆ ಅಂಟು, ಅದರ ಮೇಲೆ ಪಾಲಿಶು.
ಎಂಥ ಚಂದದ ಕೆಲಸ.
ಅದೊಂದೇ ಮಾತಾಡಿರಲಿಲ್ಲ.
ಅಲ್ಲಿಂದ ಹಲಗೆ ಮೊಳದುದ್ದ ಸೀಳಿತ್ತು, ನಾರು ಬಿಳಿಚಿ.

ಅವರು ಸೀಳಿನೊಳಗೆ ಹೆಬ್ಬೆರಳಿನ ಉಗುರು ಇಟ್ಟು
ಬಹಳ ಹೊತ್ತು ಏಣಿಯ ಮೇಲೇ ನಿಂತಿದ್ದರು.
ನಿಮ್ಕಿತ್ ಕೆಳಗಿನಿಂದ ಏಣಿ ಹಿಡಿದಿದ್ದಳು.

ವರದಿಯಲ್ಲಿ ನಾನು ಬರೆದದ್ದು:
ನಾಲ್ಕನೇ ಅಂತಸ್ತು, ಪೂರ್ವ ಮೂಲೆ,
ಜೋಡಣೆಯಲ್ಲಿ ಅಲ್ಪ ವ್ಯತ್ಯಾಸ.
ಓದಿ ಹೇಳಿ ಅಂದರು. ಓದಿದೆ.
"ವ್ಯತ್ಯಾಸ ಅಂದ್ರೆ ಯಾರು?" ಅಂದರು.
"ಹೆಸರು ಬರೀರಿ ಮೇಡಮ್ಮೋರೆ.
ಮಂಡಿ ಮೊಹಲ್ಲಾ, ಕಾಳಾಚಾರಿ.
ಆ ಮಗೀನ ಊರೋರು ಓದ್ತಾರಲ್ಲ."

ಸೋಮವಾರ ಬಂದಾಗ ಕೈಯಲ್ಲಿ ಹಾರ್ಲಿಕ್ಸ್ ಡಬ್ಬ,
ಡಬ್ಬದ ತುಂಬ ಸಣ್ಣ ಮೊಳೆ.